ಪೊಟ್ಟಣದೊಳಗಿನ ಗಿಡಮೂಲಿಕೆ

ಹಂದಿಯ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಚಾಲ್ತಿಯಲ್ಲಿದೆ. ಒಂದು ಬೈಗುಳ, ಇನ್ನೊಂದು ಊಟ. ಇವೆರಡರ ನಡುವೆ ಆ ಪ್ರಾಣಿ ಹುಟ್ಟಿ, ಹಾಲು ಕುಡಿದು, ಭೇದಿಗೆ ಬಿದ್ದು, ಬದುಕಿದರೆ ಬೆಳೆಯುವ ಕೆಲವು ತಿಂಗಳ ಬಾಳೊಂದಿದೆ ಎಂಬುದು ಅದನ್ನು ಸಾಕುವವರನ್ನು ಬಿಟ್ಟರೆ ಬೇರೆ ಯಾರಿಗೂ ಸಂಬಂಧಪಟ್ಟ ವಿಷಯವಲ್ಲ. ಹಸುವಿನ ಕೆಚ್ಚಲು ಬಾವಿನ ಬಗ್ಗೆ ರೇಡಿಯೋದಲ್ಲಿ ಭಾಷಣ ಬರುತ್ತದೆ, ರೇಷ್ಮೆಹುಳುವಿನ ಹಾಲುತೊಂಡೆಯ ಬಗ್ಗೆ ಕರಪತ್ರ ಬರುತ್ತದೆ. ಹಂದಿಮರಿಯ ಹೊಟ್ಟೆಯ ಬಗ್ಗೆ ಮಾತಾಡಲು ಮಾತ್ರ ಮರ್ಯಾದಸ್ಥರಿಗೆ ಸಂಕೋಚ. ಆದ್ದರಿಂದ ಹಂದಿ ಸಾಕುವವರ ಅಂಗಳಕ್ಕೆ ಯಾರು ಮೊದಲು ಕಾಲಿಡುತ್ತಾರೋ ಅವರು ಹೇಳಿದ್ದೇ ಶಾಸ್ತ್ರ. ನಮ್ಮ ಕೊಡಗಿನಲ್ಲಿ, ಸಕಲೇಶಪುರ ಮೂಡಿಗೆರೆ ಸೀಮೆಯಲ್ಲಿ ನಾನು ಕಂಡಂತೆ, ಹೆಚ್ಚಿನ ಸಲ ಮೊದಲು ಕಾಲಿಡುವವನು ಪಶುವೈದ್ಯನಲ್ಲ, ಪುಡಿ ಮಾರುವವನು.

ಅವನ ಪೊಟ್ಟಣ ಹಸಿರು ಬಣ್ಣದ್ದು. ಮೇಲೆ ನಾಲ್ಕು ಎಲೆ, ಒಂದು ಗುಂಡುಗುಂಡಾದ ಗುಲಾಬಿ ಬಣ್ಣದ ಮರಿ. "ಬೆಳವಣಿಗೆಗೂ ರೋಗನಿರೋಧಕ ಶಕ್ತಿಗೂ", "ನೂರಕ್ಕೆ ನೂರು ಗಿಡಮೂಲಿಕೆ", "ಅಡ್ಡಪರಿಣಾಮವಿಲ್ಲ" ಎಂಬ ಮೂರು ಸಾಲುಗಳು ದಪ್ಪ ಅಕ್ಷರದಲ್ಲಿರುತ್ತವೆ. ತಿರುಗಿಸಿ ನೋಡಿದರೆ ಓಮ, ಬೆಳ್ಳುಳ್ಳಿ, ಅರಿಶಿನ, ಅಮೃತಬಳ್ಳಿ, ನೆಲಬೇವು, ತುಳಸಿ, ಅಶ್ವಗಂಧ ಎಂದು ಇಪ್ಪತ್ತು ಹೆಸರುಗಳ ಪಟ್ಟಿ. ಯಾವ ಹೆಸರಿನ ಮುಂದೆಯೂ ಪ್ರಮಾಣವಿಲ್ಲ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, ಇದು ಔಷಧವಲ್ಲ, ಆಹಾರ ಪೂರಕ ಎಂದಿರುತ್ತದೆ. ಮೇಲೆ ಕೊಟ್ಟ ಮಾತನ್ನು ಕೆಳಗೆ ವಾಪಸು ತೆಗೆದುಕೊಂಡಿರುತ್ತಾರೆ.

ನನ್ನ ತಕರಾರು ಗಿಡಗಳ ಮೇಲಲ್ಲ. ಗಿಡಗಳಲ್ಲಿ ಗುಣವಿದೆ, ಕೆಲವು ಗುಣಗಳಿಗೆ ಒಳ್ಳೆಯ ಪುರಾವೆಯೂ ಇದೆ. ನನ್ನ ತಕರಾರು "ಗಿಡಮೂಲಿಕೆ" ಎಂಬ ಪದದ ಮೇಲೆ. ಎಷ್ಟು ಹಾಕಿದ್ದೀರಿ, ಏನಾಗುತ್ತದೆ, ಯಾರು ನೋಡಿದ್ದಾರೆ ಎಂಬ ಸಾಮಾನ್ಯ ಪ್ರಶ್ನೆಗಳನ್ನು ಬಾಯಿಂದ ಹೊರಬರುವ ಮುಂಚೆಯೇ ಅದುಮಿಬಿಡಲು ಆ ಪದ ಬಳಕೆಯಾಗುತ್ತಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹಂದಿಮರಿಗೆ ನಿಜವಾಗಿ ಬೇಕಾದ ನಾಲ್ಕಾರು ಸಂಗತಿಗಳನ್ನು ಮರೆಸಲು ಬಳಕೆಯಾಗುತ್ತಿದೆ.

ಮೊದಲು ಈ ಪುಡಿಯ ವಂಶಾವಳಿ ನೋಡೋಣ. ನಮ್ಮ ಪೂರ್ವಿಕರ ಕಾಲದಿಂದ ಬಂದದ್ದು ಎಂಬಂತೆ ಇದನ್ನು ಮಾರುತ್ತಾರೆ. ಆದರೆ ಮೇವಿಗೆ ಸಸ್ಯಸತ್ವ ಬೆರೆಸುವ ಈ ವ್ಯಾಪಾರ ಬೆಳೆದದ್ದು ಇತ್ತೀಚೆಗೆ, ಅದೂ ಬೇರೆ ದೇಶದ ತಾಪತ್ರಯದಿಂದ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಆರಿಯೋಮೈಸಿನ್ ತಯಾರಾದ ಮೇಲೆ ಉಳಿಯುವ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಎಂದಿಗಿಂತ ಬೇಗ ಬೆಳೆದವು. 1951ರಲ್ಲಿ ಅಲ್ಲಿನ ಸರ್ಕಾರ ವೈದ್ಯರ ಚೀಟಿಯಿಲ್ಲದೆಯೇ ಆಂಟಿಬಯೋಟಿಕ್‌ಗಳನ್ನು ಮೇವಿಗೆ ಬೆರೆಸಲು ಒಪ್ಪಿತು. ಕಾಯಿಲೆಯೇ ಇಲ್ಲದ ಪ್ರಾಣಿಗೆ ದಿನಾ ಚೂರುಚೂರು ಔಷಧ ತಿನ್ನಿಸುವ ಪದ್ಧತಿ ಹೀಗೆ ಶುರುವಾಯಿತು. ಇದರ ಬಲದ ಮೇಲೆಯೇ ಸಾವಿರಗಟ್ಟಲೆ ಹಂದಿಗಳನ್ನು ಒಂದೇ ಸೂರಿನಡಿ ತುಂಬುವುದೂ, ಮರಿಗಳನ್ನು ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸುವುದೂ ಸಾಧ್ಯವಾಯಿತು.

ಇದರ ಸಾಲ ತೀರಿಸುವ ದಿನವೂ ಬಂತು. ಬ್ರಿಟನ್ನಿನಲ್ಲಿ 1969ರ ಸ್ವಾನ್ ಸಮಿತಿ ಈ ಪದ್ಧತಿಗೆ ಕಡಿವಾಣ ಹಾಕಿ ಎಂದು ವರದಿ ಕೊಟ್ಟಿತು. ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು ನಿಷೇಧಿಸಿತು. ಡೆನ್ಮಾರ್ಕ್ 1990ರ ದಶಕದ ಕೊನೆಯ ಹೊತ್ತಿಗೆ ನಿಲ್ಲಿಸಿತು. 2006ರ ಜನವರಿ 1ರಿಂದ ಇಡೀ ಯುರೋಪ್ ಒಕ್ಕೂಟವೇ ನಿಲ್ಲಿಸಿತು. ನಿಲ್ಲಿಸಿದಾಗ ಕಂಡದ್ದೇನು? ದೊಡ್ಡ ಹಂದಿಗಳಿಗೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಹಾಲು ಬಿಡಿಸಿದ ಮರಿಗಳು ಭೇದಿಗೆ ಬಿದ್ದವು. ಅಷ್ಟು ವರ್ಷ ಔಷಧ ಮುಚ್ಚಿಟ್ಟಿದ್ದದ್ದು ಇದನ್ನೇ, ಅಂದರೆ ತಾಯಿಯಿಂದ ಬೇಗ ಅಗಲಿಸಿದ ಮರಿಯ ಹೊಟ್ಟೆಯನ್ನು. ಆಗ ಸತುವಿನ ಆಕ್ಸೈಡನ್ನು ಭಾರೀ ಪ್ರಮಾಣದಲ್ಲಿ ಮೇವಿಗೆ ಬೆರೆಸಿದರು. ಅದು ಗೊಬ್ಬರದ ಮೂಲಕ ಹೊಲದಲ್ಲಿ ಶೇಖರವಾಗತೊಡಗಿತು, ಔಷಧಕ್ಕೆ ಜಗ್ಗದ ಸೂಕ್ಷ್ಮಾಣುಗಳಿಗೂ ಅನುಕೂಲ ಮಾಡಿಕೊಟ್ಟಿತು. 2022ರ ಜೂನ್‌ನಲ್ಲಿ ಅಲ್ಲಿ ಅದೂ ನಿಂತಿತು. ಚೀನಾ 2020ರ ಜುಲೈಯಿಂದ ಬೆಳವಣಿಗೆಯ ಆಂಟಿಬಯೋಟಿಕ್‌ಗಳನ್ನು ಮೇವಿನಿಂದ ತೆಗೆಯಿತು, ತನ್ನ ದೇಶದ ಗಿಡಮೂಲಿಕೆಗಳಿಗೆ ಮಾತ್ರ ರಿಯಾಯಿತಿ ಕೊಟ್ಟಿತು. ಮೇವಿನ ಚೀಲದಲ್ಲಿ ಹೀಗೆ ಖಾಲಿಯಾದ ಜಾಗಕ್ಕೆ ಬಂದು ಕೂತದ್ದೇ ಓರೆಗಾನೊ ಎಣ್ಣೆ, ದಾಲ್ಚಿನ್ನಿಯ ಸತ್ವ, ಬೆಳ್ಳುಳ್ಳಿ, ಮೆಣಸಿನಕಾಯಿ. ನಮ್ಮಲ್ಲಿಗೆ ಬರುವಾಗ ಅದು ಆಯುರ್ವೇದದ ಅಂಗಿ ತೊಟ್ಟುಕೊಂಡು ಬಂದಿದೆ, ಅಷ್ಟೇ.

ಆಂಟಿಬಯೋಟಿಕ್ ಪರವಾಗಿ ನಾನು ವಕೀಲಿ ಮಾಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2015ರಲ್ಲಿ ಚೀನಾದ ಹಂದಿಗಳಲ್ಲಿ ಕೊಲಿಸ್ಟಿನ್ ಎಂಬ ಔಷಧಕ್ಕೆ ಜಗ್ಗದ ಗುಣವನ್ನು ಒಂದು ಸೂಕ್ಷ್ಮಾಣುವಿನಿಂದ ಇನ್ನೊಂದಕ್ಕೆ ದಾಟಿಸುವ ವಂಶವಾಹಿ ಪತ್ತೆಯಾಯಿತು. ಬೇರೆ ಯಾವ ಔಷಧವೂ ಹಿಡಿಯದಾಗ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಕೊಡುವ ಕೊನೆಯ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನು ಹಂದಿಗೆ, ಕೋಳಿಗೆ ತೌಡಿನ ಜೊತೆ ತಿನ್ನಿಸುತ್ತಿದ್ದರು! ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿದ್ದು ತೀರಾ ಸರಿಯಾದ ಕೆಲಸ. ಆ ಹಾದಿಗೆ ಹಿಂತಿರುಗುವ ಮಾತೇ ಇಲ್ಲ. ಆದರೆ ಒಂದು ಪುಡಿಯ ಜಾಗದಲ್ಲಿ ಇನ್ನೊಂದು ಪುಡಿ ಇಟ್ಟು ಹಳೆಯ ಪದ್ಧತಿಯನ್ನೇ ನಡೆಸಿಕೊಂಡು ಹೋದರೆ ಪಾಠ ಕಲಿತಂತಾಗುವುದಿಲ್ಲ.

ಹಂದಿಮರಿಯ ಹೊಟ್ಟೆ ಯಾಕೆ ಅಷ್ಟು ಸೂಕ್ಷ್ಮ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನುಷ್ಯರ ಮಗು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಪ್ರತಿಕಾಯಗಳನ್ನು ಪಡೆಯುತ್ತದೆ. ಹಂದಿಯಲ್ಲಿ ಅದು ಆಗುವುದಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವಿನ ಪದರಗಳು ದಪ್ಪ, ಪ್ರತಿಕಾಯಗಳು ಅವನ್ನು ದಾಟಲಾರವು. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವುದೆಲ್ಲ ಗಿಣ್ಣುಹಾಲಿನಿಂದ, ಅದೂ ಮೊದಲ ಒಂದು ದಿನದೊಳಗೆ. ಹುಟ್ಟಿದಾಗ ಅದರ ಕರುಳಿನ ಗೋಡೆ ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತ ಹೋಗುತ್ತದೆ, ಒಂದೂವರೆ ದಿನದ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ. ಒಂದು ಮರಿಗೆ ಕಡಿಮೆಯೆಂದರೂ ಕಾಲು ಲೀಟರಿನಷ್ಟು ಗಿಣ್ಣುಹಾಲು ಆ ಅವಧಿಯಲ್ಲಿ ಸಿಗಬೇಕು. ಹತ್ತು ಹನ್ನೆರಡು ಮರಿ ಹಾಕಿದ ತಾಯಿಯ ಹತ್ತಿರ ಬಲಶಾಲಿ ಮರಿಗಳು ಮುಂದಿನ ಮೊಲೆಗಳನ್ನು ಹಿಡಿದು ಕೂರುತ್ತವೆ. ಸಣ್ಣವು ಹಿಂದಕ್ಕೆ ತಳ್ಳಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ಒದ್ದಾಡುತ್ತವೆ.

ಗಿಣ್ಣುಹಾಲಿನಿಂದ ಬಂದ ಶಕ್ತಿ ವಾರಗಳು ಕಳೆದಂತೆ ಕರಗುತ್ತದೆ. ಮರಿಯ ಸ್ವಂತ ಶಕ್ತಿ ನಿಧಾನವಾಗಿ ಮೇಲೇಳುತ್ತದೆ. ಎರವಲು ಮುಗಿಯುತ್ತ ಬಂದು ಸ್ವಂತದ್ದು ಇನ್ನೂ ಕೈಗೆ ಹತ್ತದ ಒಂದು ತಗ್ಗು ಮೂರು ನಾಲ್ಕನೆಯ ವಾರದ ಸುಮಾರಿಗೆ ಬರುತ್ತದೆ. ನಾವು ಹಾಲು ಬಿಡಿಸುವುದೂ ಸರಿಯಾಗಿ ಆಗಲೇ. ಅದರ ಪಾಡಿಗೆ ಬಿಟ್ಟರೆ ಹಂದಿ ತನ್ನ ಮರಿಗಳಿಗೆ ಮೂರು ತಿಂಗಳಿಗೂ ಮೀರಿ ಸ್ವಲ್ಪಸ್ವಲ್ಪವಾಗಿ ಹಾಲು ಬಿಡಿಸುತ್ತದೆ. ನಾವು ಒಂದೇ ಬೆಳಗ್ಗೆ ಮುಗಿಸುತ್ತೇವೆ. ತಾಯಿ ಇಲ್ಲ, ಗೂಡು ಹೊಸದು, ಪಕ್ಕದಲ್ಲಿರುವ ಮರಿಗಳ ಗುರುತಿಲ್ಲ, ಹಾಲಿನ ಬದಲು ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ. ಮರಿ ಒಂದೆರಡು ದಿನ ತಿನ್ನುವುದನ್ನೇ ಬಿಡುತ್ತದೆ. ಹಸಿದ ಕರುಳಿನ ಒಳಗೋಡೆಯ ಎಳೆಗಳು ಮೊಟಕಾಗುತ್ತವೆ. ಜಠರದಲ್ಲಿ ಆಮ್ಲ ಸಾಲದು. ಆಮೇಲೆ ಹಸಿವು ತಡೆಯದೆ ಒಮ್ಮೆಲೇ ಕಬಳಿಸುತ್ತದೆ. ಜೀರ್ಣವಾಗದೆ ಕೆಳಗಿಳಿದ ಆಹಾರದ ಮೇಲೆ ಈ-ಕೊಲೈ ಸೂಕ್ಷ್ಮಾಣು ಹಬ್ಬ ಮಾಡುತ್ತದೆ. ಮರುದಿನ ಗೂಡಿನ ಮೂಲೆಯಲ್ಲಿ ಬಾಲ ಒದ್ದೆಯಾದ, ಬೆನ್ನೆಲುಬು ಕಾಣುವ ಮರಿಗಳು ಗುಂಪುಗೂಡಿ ನಿಂತಿರುತ್ತವೆ.

ಈ ಸರಪಳಿಯಲ್ಲಿ ಗಿಡದ ಸತ್ವ ಎಲ್ಲಿ ಕೈ ಹಾಕಬಲ್ಲದು? ಓಮದ ಕಾಳಿನ ಎಣ್ಣೆಯಲ್ಲಿ ಥೈಮಾಲ್ ಎಂಬ ವಸ್ತುವಿದೆ. ಯುರೋಪಿನ ಓರೆಗಾನೊದಲ್ಲಿ ಅದರ ದಾಯಾದಿಯಾದ ಕಾರ್ವಕ್ರಾಲ್ ಇದೆ. ನಮ್ಮ ಹಿತ್ತಿಲ ದೊಡ್ಡಪತ್ರೆಯ ವಾಸನೆಯೂ ಈ ಕುಟುಂಬದ್ದೇ. ಇವು ಸೂಕ್ಷ್ಮಾಣುಗಳ ಹೊರಪೊರೆಯನ್ನು ಕೆಡಿಸುತ್ತವೆ, ಗಾಜಿನ ಬಟ್ಟಲಲ್ಲಿ ಇಟ್ಟು ನೋಡಿದರೆ ಈ-ಕೊಲೈ ಸಾಯುತ್ತದೆ. ಇದು ನಿಜ. ಆದರೆ ಹಂದಿಮರಿಯ ಹೊಟ್ಟೆ ಗಾಜಿನ ಬಟ್ಟಲಲ್ಲ. ಬರಿಯ ಎಣ್ಣೆಯನ್ನು ತಿನ್ನಿಸಿದರೆ ಅದರ ಬಹುಭಾಗ ಜಠರ ಮತ್ತು ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಹೀರಿಹೋಗುತ್ತದೆ. ಸೂಕ್ಷ್ಮಾಣುಗಳ ದಂಡು ಇರುವ ಕೆಳಭಾಗಕ್ಕೆ ತಲುಪುವುದು ಅಲ್ಪ. ಅದಕ್ಕೇ ಹೊರದೇಶದ ತಯಾರಕರು ಅದನ್ನು ಕೊಬ್ಬಿನ ಕವಚದೊಳಗೆ ಕೂರಿಸಿ ಕಳಿಸುತ್ತಾರೆ. ಜೊತೆಗೆ ಇವು ಹಾರಿಹೋಗುವ ಎಣ್ಣೆಗಳು. ಮೇವು ಬಿಸಿಯಾದರೆ, ಚೀಲ ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ಮಲೆನಾಡಿನ ಮಳೆಯಲ್ಲಿ ಕೂತರೆ ಗುಣ ಗಾಳಿಯ ಪಾಲಾಗುತ್ತದೆ. ಪ್ರಮಾಣ ಹೆಚ್ಚಿಸಿದರೆ ಘಾಟಿಗೆ ಮರಿ ಮೂಗು ತಿರುಗಿಸುತ್ತದೆ, ಮೊದಲೇ ತಿನ್ನದ ಮರಿ ಇನ್ನೂ ತಿನ್ನದಾಗುತ್ತದೆ.

ಒಳ್ಳೆಯ ಫಲ ಸಿಕ್ಕ ಪ್ರಯೋಗಗಳೂ ಇವೆ, ಅವನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹಾಲು ಬಿಡಿಸಿದ ಮರಿಗಳಿಗೆ ಬೇಕೆಂದೇ ಈ-ಕೊಲೈ ಸೋಂಕು ತಗುಲಿಸಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಶಿನದ ಸತ್ವಗಳನ್ನು ಬೇರೆ ಬೇರೆ ಗುಂಪುಗಳಿಗೆ ಕೊಟ್ಟು ನೋಡಿದರು. ಕಿಲೋ ಮೇವಿಗೆ ಬರೀ 10 ಮಿಲಿಗ್ರಾಂ. ಭೇದಿ ಕಡಿಮೆಯಾಯಿತು, ರಕ್ತದಲ್ಲಿ ಉರಿಯೂತದ ಲಕ್ಷಣಗಳೂ ಇಳಿದವು. ಹಾಲೆಂಡಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಿಂದ 2010ರಲ್ಲಿ ಬಂದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಇಷ್ಟ. ಅವರು ಸೋಂಪಿನಂಥದೇ ಪರಿಮಳದ ಅನಿಸ್ ಬೀಜದ ಸುವಾಸನೆಯನ್ನು ಗಬ್ಬದ ಹಂದಿಯ ಮೇವಿಗೆ ಬೆರೆಸಿದರು. ಗರ್ಭದಲ್ಲೇ ಆ ವಾಸನೆ ಪರಿಚಯವಾಗಿದ್ದ ಮರಿಗಳು, ಹಾಲು ಬಿಡಿಸಿದ ಮೇಲೆ ಅದೇ ವಾಸನೆ ಸಿಕ್ಕಾಗ ಕಡಿಮೆ ಗಾಬರಿಪಟ್ಟವು, ಚೆನ್ನಾಗಿ ತಿಂದವು. ಅಲ್ಲಿ ಅನಿಸ್ ಯಾವ ಸೂಕ್ಷ್ಮಾಣುವನ್ನೂ ಕೊಲ್ಲಬೇಕಾಗಿ ಬರಲಿಲ್ಲ. ತಾಯಿಯ ನೆನಪು ತಂದುಕೊಟ್ಟಿತು, ಅಷ್ಟೇ ಸಾಕಾಯಿತು.

ಈ ಎರಡೂ ಪ್ರಯೋಗಗಳಲ್ಲಿ ಯಾವ ಗಿಡ, ಎಷ್ಟು, ಯಾವ ವಯಸ್ಸಿಗೆ ಎಂಬುದು ಸ್ಪಷ್ಟವಾಗಿದೆ. ನಮ್ಮ ಹಸಿರು ಪೊಟ್ಟಣದಲ್ಲಿ ಇಲ್ಲದ್ದು ಅದೇ. ಒಮ್ಮೆ ನಮ್ಮ ನೆರೆಯ ಹೆಂಗಸೊಬ್ಬರ ಅಂಗಳದಲ್ಲಿ ಪುಡಿ ಮಾರುವವನ ವ್ಯಾಪಾರ ನಡೆದಿತ್ತು.

"ಅಕ್ಕಾ, ಇದು ಕೆಮಿಕಲ್ ಅಲ್ಲ. ನೀವು ಮನೇಲಿ ಕಷಾಯಕ್ಕೆ ಹಾಕೋ ಸಾಮಾನೇ."

"ಹಂಗಾದ್ರೆ ನಾನೇ ಕುಟ್ಟಿ ಹಾಕ್ತೀನಲ್ಲಪ್ಪ, ಇಷ್ಟು ದುಡ್ಡು ಯಾಕೆ?"

"ಹಂಗಲ್ಲ ಅಕ್ಕಾ, ಇದರಲ್ಲಿ ಫಾರ್ಮುಲಾ ಇದೆ."

"ಏನದು ಫಾರ್ಮುಲಾ?"

"ಅದು ಕಂಪನಿಯವರದು ಅಕ್ಕಾ, ನಮಗೂ ಹೇಳಲ್ಲ."

ಇಡೀ ವ್ಯಾಪಾರದ ಸಾರ ಈ ನಾಲ್ಕು ಮಾತಿನಲ್ಲಿದೆ. ಭಯ ಹೋಗಲಾಡಿಸಬೇಕಾದಾಗ ಅದು ಮನೆಯ ಕಷಾಯ. ಬೆಲೆ ಕೇಳಿದಾಗ ಅದು ಕಂಪನಿಯ ಗುಟ್ಟು.

ಫಾರ್ಮುಲಾ ಇಲ್ಲದಿದ್ದರೂ ಒಂದು ಲೆಕ್ಕ ನಾವೇ ಹಾಕಬಹುದು. ಒಳ್ಳೆಯ ಓಮದ ಕಾಳಿನಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಎಣ್ಣೆ. ಎಣ್ಣೆಯಲ್ಲಿ ಅರ್ಧದ ಆಸುಪಾಸು ಥೈಮಾಲ್. ಮಧ್ಯಮ ಲೆಕ್ಕ ಹಿಡಿದರೆ ಒಂದು ಕಿಲೋ ಓಮದಿಂದ 12 ಗ್ರಾಂ ಥೈಮಾಲ್ ಸಿಕ್ಕೀತು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವಂತೆ ಕಿಲೋ ಮೇವಿಗೆ 100 ಮಿಲಿಗ್ರಾಂ ಬೇಕೆಂದರೆ ಒಂದು ಕ್ವಿಂಟಾಲ್ ಮೇವಿಗೆ 10 ಗ್ರಾಂ ಥೈಮಾಲ್, ಅಂದರೆ ಮುಕ್ಕಾಲು ಕಿಲೋಗೂ ಮೀರಿ ಓಮ. ಈಗ ಪೊಟ್ಟಣ ನೋಡಿ. ಕ್ವಿಂಟಾಲಿಗೆ 100 ಗ್ರಾಂ ಪುಡಿ ಬೆರೆಸಿ ಎನ್ನುತ್ತಾರೆ, ಒಳಗೆ ಇಪ್ಪತ್ತು ಗಿಡ ಎನ್ನುತ್ತಾರೆ. ಸಮಪಾಲು ಎಂದುಕೊಂಡರೆ ಓಮದ ಪಾಲು 5 ಗ್ರಾಂ. ಅದರಲ್ಲಿರುವ ಥೈಮಾಲ್ 60 ಮಿಲಿಗ್ರಾಂ, ಕಿಲೋ ಮೇವಿಗೆ 0.6 ಮಿಲಿಗ್ರಾಂ. ಬೇಕಾದದ್ದರ ನೂರರವತ್ತರಲ್ಲಿ ಒಂದು ಪಾಲೂ ಇಲ್ಲ! ಒಳಗಿರುವುದು ಬರಿಯ ಪುಡಿಯಲ್ಲ, ಸಾಂದ್ರಗೊಳಿಸಿದ ಸತ್ವ ಎನ್ನುವುದಾದರೆ ಲೆಕ್ಕ ಬೇರೆಯಾಗುತ್ತದೆ. ಮೆಣಸಿನಕಾಯಿಯಂಥದಕ್ಕೆ ಕಡಿಮೆ ಪ್ರಮಾಣವೂ ಸಾಕಾದೀತು. ಹಾಗಿದ್ದರೆ ಅದನ್ನು ಪೊಟ್ಟಣದ ಮೇಲೆ ಅಂಕಿಯಲ್ಲಿ ಬರೆಯಲು ಏನು ಕಷ್ಟ? ಇಪ್ಪತ್ತು ಹೆಸರು ಅಚ್ಚು ಹಾಕಿಸಲು ಜಾಗವಿದ್ದವರಿಗೆ ಇಪ್ಪತ್ತು ಅಂಕಿಗೆ ಜಾಗವಿಲ್ಲವೆ?

ಯುರೋಪಿನಲ್ಲಿಯೂ ಎಲ್ಲ ಚೆನ್ನಾಗಿದೆ ಎಂದು ಹೇಳಲಾರೆ. ಅಲ್ಲಿನ 2003ರ ಮೇವಿನ ಕಾನೂನಿನಲ್ಲಿ ಸಸ್ಯದ ಎಣ್ಣೆಗಳ ಬಹುಪಾಲು "ರುಚಿ-ವಾಸನೆ ಕೊಡುವ ಪದಾರ್ಥ" ಎಂಬ ವರ್ಗದಲ್ಲಿ ಒಳಗೆ ಬರುತ್ತದೆ. ಪ್ರಾಣಿ ಬೆಳೆಯುತ್ತದೆ ಎಂದು ಹೇಳಿಕೊಳ್ಳಬೇಕಾದರೆ ಬೇರೆ ವರ್ಗದಲ್ಲಿ ಅರ್ಜಿ ಹಾಕಿ, ಪ್ರಯೋಗಗಳ ಮೂಲಕ ತೋರಿಸಬೇಕು. ವಾಸನೆಯ ಬಾಗಿಲಿಂದ ಒಳಬಂದು ಬೆಳವಣಿಗೆಯ ಮಾತಾಡುವವರು ಅಲ್ಲೂ ಇದ್ದಾರೆ. ಆದರೆ ಅಲ್ಲಿ ಎರಡು ಬಾಗಿಲುಗಳಿವೆ ಎಂಬುದಾದರೂ ಕಾನೂನಿನಲ್ಲಿ ಬರೆದಿದೆ.

ಇನ್ನು "ರೋಗನಿರೋಧಕ ಶಕ್ತಿ" ಎಂಬ ಮಾತು. ಕೋವಿಡ್ ಬಂದು ಹೋದ ಮೇಲೆ ಈ ಮಾತು ಗೋಧಿಹಿಟ್ಟಿನಿಂದ ಹಿಡಿದು ಹಂದಿಮೇವಿನವರೆಗೆ ಎಲ್ಲದರ ಮೇಲೂ ಅಂಟಿಕೊಂಡಿದೆ. ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಎಲ್ಲರೂ ನಂಬಿದ್ದಾರೆ. ದೇಹದ ಲೆಕ್ಕ ಹಾಗಿಲ್ಲ. ರೋಗದ ವಿರುದ್ಧ ಹೋರಾಡುವ ದೇಹ ತಿಂದದ್ದನ್ನು ಮಾಂಸಕ್ಕೆ ಹಾಕುವ ಬದಲು ಹೋರಾಟಕ್ಕೆ ಖರ್ಚು ಮಾಡುತ್ತದೆ. ಜ್ವರ ಬಂದ ಮಗು ಊಟ ಬಿಡುವಂತೆ ಸೋಂಕಿನ ನಡುವಿನ ಮರಿಯೂ ತಿನ್ನುವುದು ಕಡಿಮೆ ಮಾಡುತ್ತದೆ, ಬೆಳೆಯುವುದಿಲ್ಲ. ಇಲಿನಾಯ್‌ನ ಪ್ರಯೋಗದಲ್ಲಿ ಗಿಡದ ಸತ್ವ ಮಾಡಿದ ಉಪಕಾರ ಉರಿಯೂತವನ್ನು ಕೆಳಗಿಳಿಸಿದ್ದು, ಕೆರಳಿಸಿದ್ದಲ್ಲ. ಹೀಗಿರುವಾಗ "ಬೆಳವಣಿಗೆಯೂ ಹೆಚ್ಚು, ರೋಗನಿರೋಧಕ ಶಕ್ತಿಯೂ ಹೆಚ್ಚು" ಎಂದು ಒಂದೇ ಉಸಿರಿನಲ್ಲಿ ಬರೆಯುವವರಿಗೆ ತಾವು ಏನು ಬರೆಯುತ್ತಿದ್ದೇವೆಂದೇ ಗೊತ್ತಿಲ್ಲ, ಅಥವಾ ಓದುವವರಿಗೆ ಗೊತ್ತಿಲ್ಲ ಎಂಬ ಧೈರ್ಯವಿದೆ.

ಈ ಮಾತಿನಿಂದ ಆಗುವ ಅಪಾಯ ಬರೀ ಪೊಟ್ಟಣದ ಬೆಲೆಯಷ್ಟಲ್ಲ. 2020ರಲ್ಲಿ ಆಫ್ರಿಕನ್ ಹಂದಿಜ್ವರ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ಮೂಲಕ ನಮ್ಮ ದೇಶಕ್ಕೆ ಬಂತು, ಆಮೇಲೆ ರಾಜ್ಯದಿಂದ ರಾಜ್ಯಕ್ಕೆ ಹರಡಿತು. ಅದಕ್ಕೆ ಚಿಕಿತ್ಸೆಯಿಲ್ಲ. ಗೂಡಿಗೆ ಹೊಕ್ಕರೆ ಹೆಚ್ಚುಕಡಿಮೆ ಗೂಡೇ ಖಾಲಿ. ಅದು ಬರುವುದು ಹೊಸದಾಗಿ ತಂದ ಹಂದಿಯಿಂದ, ವ್ಯಾಪಾರಿಯ ಚಪ್ಪಲಿ ಮತ್ತು ಗಾಡಿಯ ಚಕ್ರದಿಂದ, ಮಾಂಸದ ಚೂರು ಬೆರೆತ ಹೋಟೆಲ್ ಮುಸುರೆಯಿಂದ. ಮುಸುರೆಯನ್ನು ಕುದಿಸದೆ ಸುರಿಯುವವನು, ಹೊಸ ಹಂದಿಯನ್ನು ಬೇರೆ ಇಡದೆ ಅಂದೇ ಗುಂಪಿಗೆ ಸೇರಿಸುವವನು, "ನಮ್ಮವಕ್ಕೆ ಶಕ್ತಿಯ ಪುಡಿ ಹಾಕ್ತಾ ಇದೀನಿ, ಏನಾಗಲ್ಲ" ಎಂದುಕೊಂಡರೆ ಆ ಪುಡಿ ಅವನ ಮನೆ ಹಾಳು ಮಾಡಿದಂತೆಯೇ. ಹಳೆಯ ಹಂದಿಜ್ವರಕ್ಕೆ ಲಸಿಕೆಯಿದೆ, ಅದನ್ನು ಹಾಕಿಸಬೇಕು. ಹೊಸದಕ್ಕೆ ಬೇಲಿ, ಬಕೆಟ್ಟು, ಬೆಂಕಿ ಇವೇ ಮದ್ದು. ಯಾವ ಬಳ್ಳಿಯೂ ಅಲ್ಲ.

ಇಷ್ಟು ಹೇಳಿದರೆ ಮೂರು ಕಡೆಯಿಂದ ಆಕ್ಷೇಪಣೆ ಬರುತ್ತದೆಂದು ನನಗೆ ಗೊತ್ತು. ಮೊದಲನೆಯದು ಅಜ್ಜಿಯ ಕಾಲದ್ದು. ನಮ್ಮಜ್ಜಿ ಹಂದಿಮರಿಗೆ ಬೆಳ್ಳುಳ್ಳಿ ಅರೆದು ಹಾಕುತ್ತಿದ್ದಳು, ಒಂದೂ ಸಾಯುತ್ತಿರಲಿಲ್ಲ ಎನ್ನುತ್ತಾರೆ. ಸಾಯುತ್ತಿದ್ದವು, ಲೆಕ್ಕ ಇಟ್ಟವರಿರಲಿಲ್ಲ. ಅದಿರಲಿ, ಆ ಅಜ್ಜಿಯ ಮರಿಗಳು ಹೇಗೆ ಬೆಳೆಯುತ್ತಿದ್ದವು? ಎರಡು ಮೂರು ತಿಂಗಳು ತಾಯಿಯ ಹಿಂದೆಯೇ ತೋಟ ಗದ್ದೆ ಸುತ್ತುತ್ತಿದ್ದವು. ಮಣ್ಣು ಮೂತಿಯಿಂದ ಉತ್ತು ತಿಂದು ಕಬ್ಬಿಣ ಗಳಿಸುತ್ತಿದ್ದವು. ಹಾಲು ತಾನಾಗಿ ಬಿಡುತ್ತಿತ್ತು. ಇಂದಿನ ಮರಿ ಸಿಮೆಂಟಿನ ಮೇಲೆ ಹುಟ್ಟುತ್ತದೆ. ಹುಟ್ಟುವಾಗ ಅದರ ಮೈಯಲ್ಲಿರುವ ಕಬ್ಬಿಣ ಸುಮಾರು 50 ಮಿಲಿಗ್ರಾಂ, ದಿನಕ್ಕೆ ಬೇಕಾದದ್ದು ಏಳೆಂಟು ಮಿಲಿಗ್ರಾಂ, ಹಾಲಿನಲ್ಲಿ ಸಿಗುವುದು ಒಂದು. ಮೂರನೆಯ ದಿನ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ಕೊಡದಿದ್ದರೆ ರಕ್ತ ಬಿಳುಚಿ ಸೊರಗುತ್ತದೆ. ಅಜ್ಜಿಯ ಬೆಳ್ಳುಳ್ಳಿಯನ್ನು ಮಾತ್ರ ಉಳಿಸಿಕೊಂಡು, ಅಜ್ಜಿಯ ಮಣ್ಣನ್ನೂ ಅಜ್ಜಿಯ ತಾಳ್ಮೆಯನ್ನೂ ಬಿಟ್ಟುಬಿಟ್ಟರೆ ಅದನ್ನು ಸಂಪ್ರದಾಯ ಎನ್ನಲಾಗದು.

ಎರಡನೆಯವರು, ಹಾಕಿದರೆ ನಷ್ಟವೇನು, ವಿಷವಂತೂ ಅಲ್ಲವಲ್ಲ ಎನ್ನುತ್ತಾರೆ. ನಷ್ಟವಿದೆ. ಹಂದಿ ಗಬ್ಬದಲ್ಲಿರುವುದು ಮೂರು ತಿಂಗಳು, ಮೂರು ವಾರ, ಮೂರು ದಿನ. ಎರಡು ತಾಯಿಹಂದಿ ಇಟ್ಟುಕೊಂಡ ಮನೆಯಲ್ಲಿ ಒಂದು ಸೂಲು ಭೇದಿಗೆ ಹೋದರೆ ಅಷ್ಟು ದಿನದ ಮೇವು, ಮುಂದಿನ ಫೀಸು, ಸಾಲದ ಕಂತು ಎಲ್ಲ ಹೋದಂತೆ. ಮರಿ ಭೇದಿ ಶುರುಮಾಡಿದ ಮೊದಲ ದಿನ ಡಾಕ್ಟರಿಗೆ ಫೋನು ಮಾಡುವ ಬದಲು ಪುಡಿ ಹೆಚ್ಚಿಸಿ ಮೂರು ದಿನ ಕಾಯುತ್ತಾರೆ. ಭೇದಿಯ ಮರಿ ಸಾಯುವುದು ನೀರು ಬತ್ತಿ. ಮೊದಲ ದಿನವೇ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದ್ದರೆ ಉಳಿಯುತ್ತಿದ್ದ ಮರಿ ಮೂರನೆಯ ದಿನ ಏಳುವುದಿಲ್ಲ. ದೇಶದ ಹಂದಿಗಳ ಸಂಖ್ಯೆ 2019ರ ಜಾನುವಾರು ಗಣತಿಯಲ್ಲಿ ಸುಮಾರು 90 ಲಕ್ಷ, 2012ರ ಗಣತಿಗಿಂತ ನೂರಕ್ಕೆ ಹನ್ನೆರಡು ಪಾಲು ಕಡಿಮೆ. ಅದು ಆಫ್ರಿಕನ್ ಜ್ವರ ಬರುವುದಕ್ಕೂ ಮುಂಚಿನ ಲೆಕ್ಕ. ಈ ಕಸುಬಿನಲ್ಲಿ ಕಳೆದುಕೊಳ್ಳಲು ಹೆಚ್ಚಿಲ್ಲದವರೇ ಹೆಚ್ಚು. ಅವರಿಗೆ ಉಪಯೋಗವಿಲ್ಲದ ಪೊಟ್ಟಣವೂ ನಷ್ಟವೇ.

ಮೂರನೆಯವರು ನನ್ನ ಪಕ್ಷದವರಂತೆ ಕಾಣುವ ಕೆಲವು ಪಶುವೈದ್ಯ ಮಿತ್ರರು. ಗಿಡಮೂಲಿಕೆ ಎಂದರೆ ಸಾಕು, ಅವರು ನಗುತ್ತಾರೆ. ನಕ್ಕು, ಅದೇ ಉಸಿರಿನಲ್ಲಿ ಮರಿಯ ಮಲವನ್ನೂ ನೋಡದೆ ಫೋನಿನಲ್ಲೇ ಆಂಟಿಬಯೋಟಿಕ್ ಹೆಸರು ಹೇಳುತ್ತಾರೆ. ಇವರ ನಗುವಿಗೂ ಅವನ ಪೊಟ್ಟಣಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಎರಡೂ ಗೂಡಿನೊಳಗೆ ಬಗ್ಗಿ ನೋಡುವ ಶ್ರಮ ತಪ್ಪಿಸಿಕೊಳ್ಳುವ ದಾರಿಗಳು. ಗುವಾಹಟಿಯ ಹತ್ತಿರ ರಾಣಿ ಎಂಬಲ್ಲಿ ಹಂದಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ನಮ್ಮಲ್ಲಿ ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ನಮ್ಮ ದೊಡ್ಡಪತ್ರೆ, ನಮ್ಮ ಓಮ, ನಮ್ಮ ಕಾಳುಮೆಣಸು ಯಾವ ಪ್ರಮಾಣದಲ್ಲಿ ಯಾವ ವಯಸ್ಸಿನ ಮರಿಗೆ ಏನು ಮಾಡುತ್ತವೆ ಎಂದು ಕನ್ನಡದಲ್ಲಿ ಒಂದು ಪುಟದ ಕರಪತ್ರ ಬರೆದು ಅಂಗಳ ಅಂಗಳಕ್ಕೆ ತಲುಪಿಸಿದರೆ ಪುಡಿ ಮಾರುವವನ ಬಾಯಿ ತಾನಾಗಿ ಮುಚ್ಚುತ್ತದೆ. ನಗುವುದರಿಂದ ಮುಚ್ಚುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹೆಚ್ಚಿನದಕ್ಕೆ ಹಣ ಬೇಕಾಗಿಲ್ಲ. ಹಂದಿ ಈಯುವ ರಾತ್ರಿ ಯಾರಾದರೂ ಎಚ್ಚರವಿರಬೇಕು. ಗಟ್ಟಿ ಮರಿಗಳು ಒಮ್ಮೆ ಹೊಟ್ಟೆ ತುಂಬ ಕುಡಿದ ಮೇಲೆ ಅವನ್ನು ಒಂದು ತಾಸು ಬುಟ್ಟಿಯಲ್ಲಿ ಮುಚ್ಚಿಟ್ಟು, ಸಣ್ಣವನ್ನು ಮೊಲೆಗೆ ಹಚ್ಚಬೇಕು. ಒಣ ಹುಲ್ಲು ಹಾಸಿ ಒಂದು ಮೂಲೆಯಲ್ಲಿ ಬಲ್ಬು ಕಟ್ಟಬೇಕು. ಹುಟ್ಟಿದ ಮರಿಗೆ 30 ಡಿಗ್ರಿಗಿಂತ ಮೇಲಿನ ಬೆಚ್ಚಗು ಬೇಕು, ನಮ್ಮ ಆಷಾಢದ ಮಳೆಯಲ್ಲಿ ಒದ್ದೆ ಸಿಮೆಂಟು ಭೇದಿಗಿಂತ ಮೊದಲೇ ಕೊಲ್ಲುತ್ತದೆ. ಮೂರನೆಯ ದಿನ ಕಬ್ಬಿಣ ಕೊಡಿಸಬೇಕು. ಎರಡನೆಯ ವಾರದಿಂದ ತಾಯಿಯ ಪಕ್ಕದಲ್ಲೇ ಚೂರು ಮೇವು ಇಟ್ಟು ರುಚಿ ಹತ್ತಿಸಬೇಕು. ಹಾಲು ಬಿಡಿಸಲು ಅವಸರ ಬೇಡ. ದೊಡ್ಡ ಕಾರ್ಖಾನೆಯವರು 28 ದಿನಕ್ಕೆ ಬಿಡಿಸುವುದು ಅವರ ಲೆಕ್ಕಕ್ಕೆ. ನಮ್ಮ ಎರಡು ಹಂದಿಯ ಮನೆಗೆ ಆರು ವಾರ ಕಾಯುವುದರಿಂದ ಉಳಿಯುವ ಮರಿಗಳೇ ಲಾಭ. ಬಿಡಿಸುವಾಗ ತಾಯಿಯನ್ನು ಬೇರೆ ಕಡೆಗೆ ಒಯ್ದು, ಮರಿಗಳನ್ನು ಅದೇ ಗೂಡಿನಲ್ಲಿ ಬಿಡಬೇಕು. ಮೊದಲ ವಾರ ಮೇವನ್ನು ದಿನಕ್ಕೆ ನಾಲ್ಕೈದು ಸಲ, ಸ್ವಲ್ಪಸ್ವಲ್ಪ ಕೊಡಬೇಕು. ನಾವು ಕುಡಿಯಲು ಹೇಸದಂಥ ನೀರು ಇಡಬೇಕು.

ಇದೆಲ್ಲ ಮಾಡಿದ ಮೇಲೆಯೂ ಭೇದಿ ಕಾಡಿದರೆ, ಕೈಯಲ್ಲಿ ಕಾಸಿದ್ದರೆ, ಗಿಡದ ಸತ್ವ ಧಾರಾಳವಾಗಿ ಹಾಕಿ ನೋಡಿ. ಅರ್ಧ ಮರಿಗಳಿಗೆ ಹಾಕಿ, ಅರ್ಧಕ್ಕೆ ಬಿಡಿ, ಹದಿನೈದು ದಿನಕ್ಕೊಮ್ಮೆ ಎರಡನ್ನೂ ತೂಗಿ. ತಕ್ಕಡಿ ಯಾವ ಕಂಪನಿಯ ಏಜೆಂಟನೂ ಅಲ್ಲ. ಮಾರುವವನು ಬಂದಾಗ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಯಾವ ಸತ್ವ ಎಷ್ಟು ಮಿಲಿಗ್ರಾಂ ಇದೆ? ಎಷ್ಟು ದಿನದ ಮರಿಗಳ ಮೇಲೆ, ಯಾರು, ಎಲ್ಲಿ ಪರೀಕ್ಷಿಸಿದ್ದಾರೆ? ಪೊಟ್ಟಣ ಒಡೆದ ಮೇಲೆ ಎಷ್ಟು ದಿನ ಗುಣ ಉಳಿಯುತ್ತದೆ? ಉತ್ತರ ಕಾಗದದಲ್ಲಿ ಕೊಟ್ಟರೆ ಕೊಂಡುಕೊಳ್ಳಿ. "ಗಿಡಮೂಲಿಕೆ ಅಕ್ಕಾ, ನಂಬಿ" ಎಂದರೆ, ಕುಡಿಯಲು ಒಂದು ಲೋಟ ನೀರು ಕೊಟ್ಟು ಕಳಿಸಿ.